ಚರ್ಮದ ಕಾವಲುಗಾರರ ತವರು ಯಾವುದು?

ಗುಣ ಹುಟ್ಟಿನಿಂದ ಬರುತ್ತದೆಯೋ, ಬೆಳೆದ ಪರಿಸರದಿಂದಲೋ ಎಂಬ ಚರ್ಚೆಯನ್ನು ನೀವು ಕೇಳಿರುತ್ತೀರಿ. ನಮ್ಮ ಚರ್ಮದಲ್ಲಿರುವ ಒಂದು ಜೀವಕೋಶದ ಬಗ್ಗೆಯೂ ವಿಜ್ಞಾನಿಗಳು ಇದೇ ಪ್ರಶ್ನೆ ಕೇಳಬೇಕಾಯಿತು.

1868ರಲ್ಲಿ ಬರ್ಲಿನ್ನಿನ ವೈದ್ಯಕೀಯ ವಿದ್ಯಾರ್ಥಿ ಪೌಲ್ ಲಾಂಗರ್‌ಹಾನ್ಸ್ ಮನುಷ್ಯರ ಚರ್ಮದ ತುಣುಕಿಗೆ ಚಿನ್ನದ ಕ್ಲೋರೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹೊರಚರ್ಮದಲ್ಲಿ ಮರದ ಕೊಂಬೆಗಳಂತೆ ಕೈಚಾಚಿದ ಕಪ್ಪು ಕೋಶಗಳು ಕಂಡವು. ಆಕಾರ ನೋಡಿ ಅವು ನರಕೋಶಗಳೆಂದು ಭಾವಿಸಿದರು. ಮುಂದೆ ಕೆಲವರು ಅವುಗಳನ್ನು ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಬಳಗಕ್ಕೆ ಸೇರಿಸಿದರು. ಅವು ರೋಗಾಣುಗಳ ವಿರುದ್ಧ ಕಾವಲು ಕಾಯುವ ಕೋಶಗಳೆಂಬುದು ಸ್ಪಷ್ಟವಾಗಲು 1970ರ ದಶಕ ಬರಬೇಕಾಯಿತು.

ಹಾಗಾದರೆ ಇವು ಬಂದದ್ದೆಲ್ಲಿಂದ? 1979ರಲ್ಲಿ ವಿಜ್ಞಾನಿಗಳು ಇಲಿಗಳಿಗೆ ವಿಕಿರಣ ಕೊಟ್ಟು, ಬೇರೆ ಇಲಿಗಳ ಅಸ್ಥಿಮಜ್ಜೆಯನ್ನು ಸೇರಿಸಿದರು. ಕೆಲಕಾಲದ ನಂತರ ಚರ್ಮದಲ್ಲಿ ಹೊಸ ಮಜ್ಜೆಯಿಂದ ಹುಟ್ಟಿದ ಕೋಶಗಳು ಸಿಕ್ಕವು. ತವರು ಅಸ್ಥಿಮಜ್ಜೆಯೇ ಎಂದು ಎಲ್ಲರೂ ಒಪ್ಪಿದರು.

ಆದರೆ 2002ರಲ್ಲಿ ಮಿರಿಯಮ್ ಮೆರಾಡ್ ಮತ್ತು ಸಂಗಡಿಗರು ಬೇರೆಯದನ್ನೇ ಕಂಡರು. ಮಜ್ಜೆ ಬದಲಾದರೂ ಇಲಿಯ ಚರ್ಮದಲ್ಲಿ ಹಳೆಯ ಕೋಶಗಳೇ ಉಳಿದು, ಅಲ್ಲಿಯೇ ವಂಶ ಬೆಳೆಸುತ್ತಿದ್ದವು. ನೇರಳಾತೀತ ಕಿರಣದಿಂದ ಚರ್ಮ ಗಾಸಿಗೊಂಡಾಗ ಮಾತ್ರ ರಕ್ತದ ಕೋಶಗಳು ಬಂದು ತೆರವಾದ ಜಾಗ ತುಂಬಿದವು. 2012ರ ಸಂಶೋಧನೆಗಳು ಮೂಲವನ್ನು ಗುರುತಿಸಿದವು: ಇಲಿಯ ಈ ಕೋಶಗಳಲ್ಲಿ ಹೆಚ್ಚಿನವು ಭ್ರೂಣದ ಯಕೃತ್ತಿನಿಂದಲೂ, ಕೆಲವು ಅದಕ್ಕೂ ಮೊದಲಿನ ಹಳದಿ ಚೀಲದಿಂದಲೂ ಬಂದು, ಜನನಕ್ಕೆ ಮುನ್ನವೇ ಚರ್ಮದಲ್ಲಿ ನೆಲೆಸಿರುತ್ತವೆ.

ಈಗ ಮೊದಲ ಪ್ರಶ್ನೆಗೆ ಬನ್ನಿ. ಒಂದೆಡೆ ನೆಲೆ ನಿಂತು, ತಮ್ಮ ಸಂಖ್ಯೆಯನ್ನು ತಾವೇ ಕಾಯ್ದುಕೊಳ್ಳುವ ಗುಣ ಇವುಗಳಿಗೆ ಹುಟ್ಟಿನಿಂದ ಬಂದದ್ದು. ಇದೇ ರೀತಿ ಭ್ರೂಣದಲ್ಲಿ ಹುಟ್ಟಿದ ಮಿದುಳಿನ ಭಕ್ಷಕ ಕೋಶಗಳೂ ಹೀಗೆಯೇ ಇರುತ್ತವೆ. ಆದರೆ ಚರ್ಮದ ಕೋಶಗಳು ಮಿದುಳಿನ ನೆಂಟರು ಮಾಡದ ಇನ್ನೊಂದು ಕೆಲಸ ಮಾಡುತ್ತವೆ. ಪರಕೀಯ ವಸ್ತುವನ್ನು ಹಿಡಿದು, ದುಗ್ಧಗ್ರಂಥಿಗೆ ಸಾಗಿ, ಅಲ್ಲಿನ ರಕ್ಷಣಾ ಕೋಶಗಳಿಗೆ ತೋರಿಸುತ್ತವೆ. ಇದು ಚರ್ಮದ ವಾಸ ಕಲಿಸಿದ ಪಾಠ.

ಇದು ಬರಿಯ ಕುತೂಹಲದ ಮಾತಲ್ಲ. ಮಜ್ಜೆ ಕಸಿಯ ನಂತರ ದಾನಿಯ ರಕ್ಷಣಾ ಕೋಶಗಳು ಕೆಲವೊಮ್ಮೆ ರೋಗಿಯ ಚರ್ಮದ ಮೇಲೆಯೇ ದಾಳಿ ಮಾಡುತ್ತವೆ. 2004ರ ಇಲಿ ಪ್ರಯೋಗದಲ್ಲಿ, ಚರ್ಮದಲ್ಲಿ ಉಳಿದಿದ್ದ ಹಳೆಯ ಕಾವಲುಗಾರರನ್ನು ಮೊದಲೇ ತೆಗೆದಾಗ ಆ ದಾಳಿ ತಪ್ಪಿತು. ಮಜ್ಜೆಯೇ ತವರೆಂಬ ಹಳೆಯ ಉತ್ತರಕ್ಕೆ ಅಂಟಿಕೊಂಡಿದ್ದರೆ, ಅವು ಅಲ್ಲಿ ಉಳಿದಿರಬಹುದೆಂದು ಯಾರು ಹುಡುಕುತ್ತಿದ್ದರು, ನೀವೇ ಯೋಚಿಸಿ.