ಬೆಳ್ಳಿಯ ಬಿಲ್ಲೆಯಿಂದ ವರ್ಷದ ಪಾಸಿನವರೆಗೆ

ಬಸ್ಸಿನ ಪಾಸು, ರೈಲಿನ ಪಾಸು ನಮಗೆಲ್ಲ ಪರಿಚಿತವೇ. ನಿತ್ಯವೂ ಒಂದೇ ದಾರಿಯಲ್ಲಿ ಓಡಾಡುವವರು ಒಮ್ಮೆಗೇ ಹಣ ಕಟ್ಟಿ ನಿಶ್ಚಿಂತರಾಗುತ್ತಾರೆ. ಅದು ಅಗತ್ಯದಿಂದ ಹುಟ್ಟಿದ ಏರ್ಪಾಡು. ಆದರೆ ವಿನೋದಕ್ಕಾಗಿ ಪಾಸು ಮಾಡಿಸಿಕೊಳ್ಳುವ ರೂಢಿಯೂ ಉಂಟು, ಅದು ರೈಲಿಗಿಂತಲೂ ಹಳೆಯದು ಎಂದರೆ ನಿಮಗೆ ಆಶ್ಚರ್ಯವಾದೀತು. ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಥೀಮ್ ಪಾರ್ಕುಗಳ ವಾರ್ಷಿಕ ಪಾಸು ಇಟ್ಟುಕೊಂಡವರು. ಅವರಿಗೂ ಊರಿನಲ್ಲೇ ಇರುವ ಉಳಿದವರಿಗೂ ಆ ಪಾಸಿನ ವಂಶಾವಳಿಯನ್ನು ಹೇಳಬೇಕೆನಿಸಿದೆ. ಮೇಲ್ನೋಟಕ್ಕೆ ಇದು ರಿಯಾಯಿತಿಯ ಲೆಕ್ಕ. ಒಳಗಿರುವುದು ಕೊಟ್ಟ ಮಾತಿನ ಪ್ರಶ್ನೆ.

ಲಂಡನ್ನಿನ ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ ವಾಕ್ಸ್‌ಹಾಲ್ ಎಂಬ ವಿಹಾರೋದ್ಯಾನವಿತ್ತು. 1729ರಲ್ಲಿ ಜೊನಾಥನ್ ಟೈಯರ್ಸ್ ಎಂಬಾತ ಅದನ್ನು ಗುತ್ತಿಗೆಗೆ ಪಡೆದು, 1732ರಲ್ಲಿ ಹೊಸ ರೂಪದಲ್ಲಿ ಜನರಿಗೆ ತೆರೆದನು. ಸಂಗೀತ, ದೀಪಾಲಂಕಾರ, ಚಿತ್ರಗಳಿಂದ ಸಿಂಗರಿಸಿದ ಊಟದ ಮಂಟಪಗಳು ಅಲ್ಲಿನ ಆಕರ್ಷಣೆ. ಪ್ರವೇಶ ಶುಲ್ಕ ಬಹುಕಾಲ ಒಂದು ಶಿಲಿಂಗ್ ಆಗಿತ್ತು. ಪದೇ ಪದೇ ಬರುವವರಿಗಾಗಿ ಟೈಯರ್ಸ್ ಇಡೀ ಋತುವಿಗೆ ಸಲ್ಲುವ ಟಿಕೆಟ್ ಮಾಡಿಸಿದನು. ಅದು ಕಾಗದದ ಚೀಟಿಯಲ್ಲ, ಬೆಳ್ಳಿಯ ಬಿಲ್ಲೆ! ಪಡೆದವರ ಹೆಸರನ್ನು ಅದರ ಮೇಲೆ ಕೆತ್ತಲಾಗುತ್ತಿತ್ತು. ಉದ್ಯಾನಕ್ಕೆ ನೆರವಾದ ಚಿತ್ರಕಾರ ವಿಲಿಯಂ ಹೋಗಾರ್ಥನಿಗೆ ಟೈಯರ್ಸ್ ಚಿನ್ನದ ಬಿಲ್ಲೆಯನ್ನೇ ಕೊಟ್ಟನು. ಉಪಕಾರದ ಶಾಶ್ವತ ಸ್ಮರಣೆಗಾಗಿ ಎಂಬ ಅರ್ಥದ ಲ್ಯಾಟಿನ್ ಬರಹ ಅದರ ಮೇಲಿದೆ. ಇಂದು ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಉದ್ಯಾನ 1859ರಲ್ಲಿ ಮುಚ್ಚಿಹೋಯಿತು. ಬಿಲ್ಲೆ ಮಾತ್ರ ಉಳಿಯಿತು.

ಮುಂದಿನ ಮಜಲು ಅದೇ ಲಂಡನ್ನಿನಲ್ಲಿ 1851ರಲ್ಲಿ ನಡೆದ ಮಹಾ ಪ್ರದರ್ಶನ. ಗಾಜಿನ ಅರಮನೆಯೊಳಗಿನ ಆ ಪ್ರದರ್ಶನಕ್ಕೆ ಋತುವಿನ ಟಿಕೆಟ್ ಗಂಡಸರಿಗೆ ಮೂರು ಗಿನಿ, ಹೆಂಗಸರಿಗೆ ಎರಡು ಗಿನಿ. (ಒಂದು ಗಿನಿಗೆ 21 ಶಿಲಿಂಗ್.) ಮೇ 1ರಂದು ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ ನಡೆದ ಉದ್ಘಾಟನೆಗೆ ಬರಲು ಸಾರ್ವಜನಿಕರ ಪೈಕಿ ಈ ಟಿಕೆಟ್ ಉಳ್ಳವರಿಗೆ ಮಾತ್ರ ಅವಕಾಶ. ಸಾಮಾನ್ಯ ಜನರ ಒಂದು ಶಿಲಿಂಗಿನ ದಿನಗಳು ಆರಂಭವಾದದ್ದು ಮೇ 26ರಿಂದ, ಅದೂ ಸೋಮವಾರದಿಂದ ಗುರುವಾರದವರೆಗೆ. ಶುಕ್ರವಾರ ಎರಡೂವರೆ ಶಿಲಿಂಗ್, ಶನಿವಾರ ಐದು. ಯಾವ ದಿನ ಯಾರದು ಎಂಬುದನ್ನು ಬೆಲೆಯ ಮೂಲಕ ನಿರ್ಣಯಿಸುವ ಜಾಣ್ಮೆಯನ್ನು ಇಲ್ಲಿ ಗಮನಿಸಿ. ಇಂದಿನ ಪಾಸಿನ ಬೀಜ ಇಲ್ಲಿದೆ.

ಇನ್ನು ಅಮೆರಿಕಕ್ಕೆ ಬರೋಣ. ಕ್ಯಾಲಿಫೋರ್ನಿಯದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆದದ್ದು 1955ರ ಜುಲೈ 17ರಂದು. ಆಗ ಬಾಗಿಲಿಗೆ ಒಂದು ಶುಲ್ಕ, ಒಳಗಿನ ಪ್ರತಿಯೊಂದು ಆಟಕ್ಕೂ ಬೇರೆ ಶುಲ್ಕ. ಅದೇ ಅಕ್ಟೋಬರಿನಲ್ಲಿ ಎ, ಬಿ, ಸಿ ಎಂದು ದರ್ಜೆ ಮಾಡಿದ ಟಿಕೆಟ್ ಪುಸ್ತಕ ಬಂದಿತು. ಮರುವರ್ಷ ಡಿ, 1959ರಲ್ಲಿ ಇ ಸೇರಿದವು. ಅತ್ಯಂತ ರೋಮಾಂಚಕ ಆಟಗಳಿಗೆ ಮೀಸಲಾಗಿದ್ದ ಈ ‘ಇ’ ಟಿಕೆಟ್ ಅಲ್ಲಿನ ಆಡುಮಾತಿಗೂ ಸೇರಿಹೋಯಿತು. 1983ರಲ್ಲಿ ಗಗನಯಾತ್ರಿ ಸ್ಯಾಲಿ ರೈಡ್ ತಮ್ಮ ಬಾಹ್ಯಾಕಾಶ ಯಾನವನ್ನೇ ಅದಕ್ಕೆ ಹೋಲಿಸಿದರು. ಆದರೆ ಆಟಕ್ಕೊಂದು ಚೀಟಿ ಹರಿಯುವ ಕಡೆ ವರ್ಷದ ಪಾಸಿಗೆ ಹೆಚ್ಚು ಅರ್ಥವಿಲ್ಲ. 1961ರಲ್ಲಿ ಆರಂಭವಾದ ‘ಸಿಕ್ಸ್ ಫ್ಲ್ಯಾಗ್ಸ್ ಓವರ್ ಟೆಕ್ಸಾಸ್’ ಪಾರ್ಕು 2.75 ಡಾಲರಿಗೆ ಬಾಗಿಲಿನಲ್ಲೇ ಎಲ್ಲವನ್ನೂ ಸೇರಿಸಿ ಕೊಟ್ಟಿತು. ಡಿಸ್ನಿಲ್ಯಾಂಡ್ 1982ರಲ್ಲಿ ಪುಸ್ತಕಗಳನ್ನು ಕೈಬಿಟ್ಟು ಅದೇ ಹಾದಿ ಹಿಡಿಯಿತು. ವಾರ್ಷಿಕ ಪಾಸು ಅಲ್ಲಿ ಬೇರೂರಿದ್ದು ಆ ಬಳಿಕವೇ.

ಪಾಸಿನ ಲೆಕ್ಕವನ್ನು ಏಳನೆಯ ತರಗತಿಯ ಮಕ್ಕಳೂ ಮಾಡಬಲ್ಲರು. 2021ರ ಆಗಸ್ಟಿನಲ್ಲಿ ಡಿಸ್ನಿಲ್ಯಾಂಡಿನ ಅತಿ ಅಗ್ಗದ ಪಾಸು 399 ಡಾಲರ್. ಅಗ್ಗದ ದಿನದ ಟಿಕೆಟ್ 104 ಡಾಲರ್. ನಾಲ್ಕನೆಯ ಭೇಟಿಗೆ ಅಸಲು ಹುಟ್ಟಿತು, ಐದನೆಯದರಿಂದ ಲಾಭ. ಹಾಗಾದರೆ ಮಾಲೀಕರಿಗೆ ನಷ್ಟವೇ? ಅಲ್ಲ. ಹಣ ಮುಂಗಡವಾಗಿಯೇ ಕೈಸೇರುತ್ತದೆ. ಚಳಿಗಾಲದಲ್ಲಿ ಮುಚ್ಚುವ ಪಾರ್ಕುಗಳು ಮರುವರ್ಷದ ಪಾಸನ್ನು ಶರತ್ಕಾಲದಲ್ಲೇ ಮಾರುವುದು ಇದಕ್ಕಾಗಿ. ಜನ ವಿರಳವಾದ ಮಂಗಳವಾರ ಹೆಚ್ಚುವರಿಯಾಗಿ ಒಬ್ಬರು ತೊಟ್ಟಿಲಿನಲ್ಲಿ ಕುಳಿತರೆ ಖರ್ಚೇನೂ ಏರದು. ಬಂದವರು ತಿಂಡಿ ತಿನ್ನುತ್ತಾರೆ, ಆಟಿಕೆ ಕೊಳ್ಳುತ್ತಾರೆ, ಟಿಕೆಟ್ ಕೊಳ್ಳಬೇಕಾದ ನೆಂಟರನ್ನೂ ಕರೆತರುತ್ತಾರೆ.

ತೊಡಕಿರುವುದು ಭಾನುವಾರದಲ್ಲಿ. ಪಾಸಿದ್ದವರೆಲ್ಲ ರಜೆಯ ದಿನವೇ ಬಂದರೆ, ದೂರದಿಂದ ಪೂರ್ತಿ ಬೆಲೆ ತೆತ್ತು ಬಂದವರಿಗೆ ಸ್ಥಳವಿಲ್ಲ. ಅದಕ್ಕಾಗಿ ‘ನಿಷಿದ್ಧ ದಿನಗಳು’ ಹುಟ್ಟಿಕೊಂಡವು. ಅಗ್ಗದ ಪಾಸಿಗೆ ನಿಷೇಧ ಹೆಚ್ಚು, ದುಬಾರಿ ಪಾಸಿಗೆ ಕಡಿಮೆ. 1851ರ ಶಿಲಿಂಗ್ ದಿನಗಳೇ ಹೊಸ ವೇಷ ತೊಟ್ಟು ಬಂದಿವೆ ಎಂದರೂ ಸರಿಯೇ. ನಿತ್ಯ ಬರುವವರು ಬೇಕು, ಆದರೆ ಅವರೆಲ್ಲರೂ ಒಟ್ಟಿಗೆ ಬರಬಾರದು. ಈ ವ್ಯಾಪಾರದ ಸಂಕಟವೇ ಅದು.

ಕೊರೊನಾ ಕಾಲದಲ್ಲಿ ಈ ಸಂಕಟ ಬಯಲಿಗೆ ಬಂದಿತು. 2020ರ ಮಾರ್ಚಿನಲ್ಲಿ ಪಾರ್ಕುಗಳೆಲ್ಲ ಮುಚ್ಚಿದವು. ಮುಂಗಡ ಹಣ ಕೊಟ್ಟವರ ಗತಿಯೇನು? ಸೀಡರ್ ಫೇರ್ ಎಂಬ ಸಂಸ್ಥೆ 2020ರ ಪಾಸನ್ನು 2021ಕ್ಕೂ ವಿಸ್ತರಿಸಿತು. ಡಿಸ್ನಿಲ್ಯಾಂಡ್ 2021ರ ಜನವರಿಯಲ್ಲಿ ವಾರ್ಷಿಕ ಪಾಸಿನ ಯೋಜನೆಯನ್ನೇ ಕೊನೆಗೊಳಿಸಿ, ಉಳಿದ ಅವಧಿಯ ಹಣ ಹಿಂತಿರುಗಿಸುವುದಾಗಿ ಸಾರಿತು. ಅದೇ ಆಗಸ್ಟಿನಲ್ಲಿ ‘ಮ್ಯಾಜಿಕ್ ಕೀ’ ಎಂಬ ಹೊಸ ಹೆಸರಿನಿಂದ ನಾಲ್ಕು ದರ್ಜೆಯ ಪಾಸುಗಳನ್ನು ಹೊರತಂದಿತು. ಆಗ ಅತಿ ದುಬಾರಿಯದು 1,399 ಡಾಲರಿನದಾಗಿತ್ತು; ಅದಕ್ಕೆ ನಿಷಿದ್ಧ ದಿನಗಳಿಲ್ಲವೆಂದು ಪ್ರಕಟಣೆ. ಆದರೆ ಬರುವ ದಿನವನ್ನು ಮೊದಲೇ ಕಾಯ್ದಿರಿಸಬೇಕಿತ್ತು. ತೊಂಬತ್ತು ದಿನಗಳಲ್ಲಿ ಮೂರು ಸಲ ಕಾಯ್ದಿರಿಸಿ ಬಾರದಿದ್ದರೆ, ಮೂವತ್ತು ದಿನ ಹೊಸದಾಗಿ ಕಾಯ್ದಿರಿಸುವಂತಿರಲಿಲ್ಲ.

ಟಿಕೆಟ್ ಕೊಳ್ಳುವವರಿಗೆ ದಿನ ಲಭ್ಯವಿದ್ದಾಗಲೂ ಈ ಪಾಸಿನವರಿಗೆ ‘ಭರ್ತಿಯಾಗಿದೆ’ ಎಂಬ ಉತ್ತರ ಬರತೊಡಗಿತೆಂದು ಆಕ್ಷೇಪಿಸಿ ಪಾಸುದಾರರೊಬ್ಬರು 2021ರ ಕೊನೆಯಲ್ಲಿ ನ್ಯಾಯಾಲಯದ ಮೊರೆ ಹೊಕ್ಕರು. ಸಂಸ್ಥೆ ತಪ್ಪನ್ನು ಒಪ್ಪಲಿಲ್ಲ. ಆದರೂ 2023ರಲ್ಲಿ 95 ಲಕ್ಷ ಡಾಲರಿಗೆ ರಾಜಿಯಾಯಿತು. ವಕೀಲರ ಶುಲ್ಕ, ಖರ್ಚುಗಳನ್ನು ಕಳೆದು, ಒಂದು ಲಕ್ಷಕ್ಕೂ ಮಿಕ್ಕ ಪಾಸುದಾರರಲ್ಲಿ ತಲೆಗೆ ಸುಮಾರು 67 ಡಾಲರ್. ಕೊಟ್ಟ ಹಣದ ಮುಂದೆ ಅದು ಅರೆಕಾಸಿನ ಮಜ್ಜಿಗೆ. ಆದರೆ ಅವರು ಎತ್ತಿದ ಪ್ರಶ್ನೆ ಅರೆಕಾಸಿನದಲ್ಲ.

ಪಾಸು ಎಂದರೆ ಸಾಲ ಕೊಟ್ಟಂತೆ. ಹಣವನ್ನು ಇಂದೇ ಕೊಡುತ್ತೇವೆ, ಸುಖವನ್ನು ಕಂತುಕಂತಾಗಿ ವರ್ಷವಿಡೀ ಪಡೆಯುತ್ತೇವೆ. ಸಾಲಕ್ಕೆ ಆಧಾರ ನಂಬಿಕೆಯೇ. ಬಾಗಿಲಲ್ಲಿ ಟಿಕೆಟ್ ಕೊಂಡವರು ಅತಿಥಿಗಳು. ಪಾಸಿದ್ದವರಿಗೆ ಅದು ತಮ್ಮದೇ ತೋಟ ಎಂಬ ಭಾವ. ಆ ಭಾವವನ್ನು ಬೆಳೆಸಿ ಮಾರುವವರು, ಜನ ಅದನ್ನು ನಿಜವೆಂದು ನಂಬಿ ಬಂದಾಗ ಬಾಗಿಲು ಹಾಕಬಾರದು. ಆದ್ದರಿಂದ ಪಾಸು ಕೊಳ್ಳುವ ಮುನ್ನ ಎಷ್ಟು ಸಲ ಹೋದರೆ ಅಸಲು ಎಂದು ಲೆಕ್ಕ ಹಾಕಿ. ಜೊತೆಗೆ ಮಕ್ಕಳ ರಜೆಯ ಪಟ್ಟಿಯನ್ನು ನಿಷಿದ್ಧ ದಿನಗಳ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಎರಡೂ ಒಂದೇ ಆಗಿದ್ದರೆ, ಆ ಪಾಸು ಅಗ್ಗವಾದರೂ ನಿಮ್ಮದಲ್ಲ.