ಕಪಾಟುಗಳಲ್ಲಿ ಚದುರಿದ ಬಾನುಲಿ: ಸಂವಹನ ಸಂಶೋಧನೆಯಲ್ಲಿ ವಿಶ್ವವಿದ್ಯಾಲಯ ಗ್ರಂಥಾಲಯದ ಬಳಕೆ

ಪ್ರಸ್ತಾವನೆ

1935ರ ಸೆಪ್ಟೆಂಬರ್ 10ರಂದು ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಅವರು ಮೈಸೂರಿನ ತಮ್ಮ ಮನೆ ‘ವಿಠಲ ವಿಹಾರ’ದಿಂದ 30 ವ್ಯಾಟ್ ಸಾಮರ್ಥ್ಯದ ಟ್ರಾನ್ಸ್‌ಮಿಟರ್ ಬಳಸಿ ಬಾನುಲಿ ಪ್ರಸಾರ ಆರಂಭಿಸಿದರು. ಬ್ರಿಟಿಷ್ ಭಾರತದ ಸರ್ಕಾರಿ ಪ್ರಸಾರ ಸಂಸ್ಥೆಗೆ ‘ಆಲ್ ಇಂಡಿಯಾ ರೇಡಿಯೋ’ ಎಂಬ ಹೆಸರು ಬಂದದ್ದು ಅದರ ಮರುವರ್ಷ, 1936ರ ಜೂನ್‌ನಲ್ಲಿ. ಇಷ್ಟು ವಿವರ ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳಲ್ಲೂ ಸಿಗುತ್ತದೆ. ಈ ಕೇಂದ್ರ ಯಾರನ್ನು ತನ್ನ ಕೇಳುಗರೆಂದು ಭಾವಿಸಿತ್ತು, ದಿನದ ಕಾರ್ಯಕ್ರಮವನ್ನು ಯಾವ ತತ್ವದ ಮೇಲೆ ರೂಪಿಸಿತು, ಅದರ ಖರ್ಚು ಹೇಗೆ ತೂಗಿತು ಎಂದು ಕೇಳುವ ಸಂಶೋಧಕ ಮಾತ್ರ ಗ್ರಂಥಾಲಯದ ಒಳಕೋಣೆಗಳಿಗೆ ಇಳಿಯಲೇಬೇಕು. ಧ್ವನಿಮುದ್ರಣ ಅಪರೂಪವಾಗಿದ್ದ ಆ ಕಾಲದ ಪ್ರಸಾರಕ್ಕೆ ಇಂದು ನಮಗೆ ಆಧಾರವೆಂದರೆ ಬಹುಪಾಲು ಕಾಗದವೇ.

ಈ ಒಂದು ಪ್ರಕರಣವನ್ನು ಮುಂದಿಟ್ಟುಕೊಂಡು ಗ್ರಂಥಾಲಯ ಬಳಕೆಯ ಒಂದು ಕ್ರಮವನ್ನು ಪ್ರತಿಪಾದಿಸುವುದು ಈ ಲೇಖನದ ಉದ್ದೇಶ. ಮಾಧ್ಯಮ ಚರಿತ್ರೆಯ ಆಕರಗಳನ್ನು ಅರಸುವಾಗ ವಿಷಯದ ಹೆಸರಿಗಿಂತ ಸಂಸ್ಥೆಯ ಹೆಸರು ಹೆಚ್ಚು ದೂರ ಕರೆದೊಯ್ಯುತ್ತದೆ ಎಂಬುದು ಇಲ್ಲಿನ ವಾದ.

ಒಂದು ವಿಷಯ, ಆರು ಕಪಾಟು

ನಮ್ಮ ಅನೇಕ ವಿಶ್ವವಿದ್ಯಾಲಯ ಗ್ರಂಥಾಲಯಗಳು ಡ್ಯೂಯಿ ದಶಮಾಂಶ ವರ್ಗೀಕರಣವನ್ನು ಅನುಸರಿಸುತ್ತವೆ. ಈ ಪದ್ಧತಿ ಮೊದಲು ಪ್ರಕಟವಾದದ್ದು 1876ರಲ್ಲಿ. ಆಗ ಪ್ರಸಾರ ಮಾಧ್ಯಮವೂ ಇರಲಿಲ್ಲ, ಸಂವಹನ ಎಂಬ ಅಧ್ಯಯನ ಶಿಸ್ತೂ ಇರಲಿಲ್ಲ. ಆಮೇಲೆ ಬಂದ ಬಾನುಲಿಗೆ ಇದ್ದ ವಿಭಾಗಗಳಲ್ಲೇ ಅಲ್ಲಲ್ಲಿ ಜಾಗ ಮಾಡಿಕೊಡಲಾಯಿತು. ಬಾನುಲಿಯ ಸಾಮಾಜಿಕ ಪರಿಣಾಮ ಕುರಿತ ಪುಸ್ತಕ 302.2344ರಲ್ಲಿ, ಪ್ರಸಾರ ಸೇವೆಯ ಆಡಳಿತ ಕುರಿತದ್ದು 384.54ರಲ್ಲಿ, ಕಾರ್ಯಕ್ರಮ ಮತ್ತು ಮನರಂಜನೆ ಕುರಿತದ್ದು 791.44ರಲ್ಲಿ ಕೂರುತ್ತದೆ. ಬಾನುಲಿ ಪತ್ರಿಕೋದ್ಯಮ 070.19ಕ್ಕೆ, ತಂತ್ರಜ್ಞಾನ 621.384ಕ್ಕೆ, ಶಿಕ್ಷಣದಲ್ಲಿ ಬಾನುಲಿಯ ಬಳಕೆ 371.3ರ ಒಳಗಿನ ಉಪವಿಭಾಗಕ್ಕೆ ಸೇರುತ್ತವೆ.

ಪತ್ರಿಕೋದ್ಯಮದ ಸಾಲಿನಲ್ಲಷ್ಟೇ ಕಣ್ಣಾಡಿಸಿ ಹಿಂತಿರುಗುವ ವಿದ್ಯಾರ್ಥಿಗೆ ಆರರಲ್ಲಿ ಒಂದು ಪಾಲು ದಕ್ಕುತ್ತದೆ. ಆರೂ ವರ್ಗಾಂಕಗಳನ್ನು ಮೊದಲೇ ಗುರುತು ಹಾಕಿಕೊಂಡು ಹೋಗುವವನಿಗೆ ಇನ್ನೊಂದು ಲಾಭವೂ ಇದೆ. ಒಂದು ಗ್ರಂಥಾಲಯದಲ್ಲಿ ಯಾವ ಸಾಲು ತುಂಬಿದೆ, ಯಾವುದು ಬರಿದಾಗಿದೆ ಎಂಬುದು ಆ ವಿಶ್ವವಿದ್ಯಾಲಯ ಮಾಧ್ಯಮವನ್ನು ಕಸುಬಾಗಿ ಕಂಡಿತೋ, ಯಂತ್ರವಾಗಿ ಕಂಡಿತೋ, ಸಾಮಾಜಿಕ ಶಕ್ತಿಯಾಗಿ ಕಂಡಿತೋ ಎಂಬುದರ ಸುಳಿವು. ಹಳೆಯ ಪರಿಗ್ರಹಣ ದಾಖಲೆಗಳು ಉಳಿದಿದ್ದರೆ ಯಾವ ಪುಸ್ತಕ ಯಾವ ವರ್ಷ ಬಂತು ಎಂಬುದರಿಂದ ಆ ಸುಳಿವಿಗೆ ಕಾಲಾನುಕ್ರಮವೂ ದೊರೆಯುತ್ತದೆ.

ಸಂಸ್ಥೆಯ ಜಾಡು

ಮೈಸೂರು ಬಾನುಲಿಯ ಪ್ರಶ್ನೆಗೆ ಈ ಆರು ಕಪಾಟುಗಳೂ ಸಾಲವು. ಈ ಕೇಂದ್ರ ಒಬ್ಬ ಪ್ರಾಧ್ಯಾಪಕರ ಖಾಸಗಿ ಸಾಹಸವಾಗಿ ಹುಟ್ಟಿತು. 1940ರ ದಶಕದ ಆರಂಭದಲ್ಲಿ ಸಂಸ್ಥಾನದ ಸರ್ಕಾರದ ಕೈಗೆ ಬಂತು. 1950ರಲ್ಲಿ ಆಲ್ ಇಂಡಿಯಾ ರೇಡಿಯೋದಲ್ಲಿ ಸೇರಿತು. 1955ರಲ್ಲಿ ಬೆಂಗಳೂರು ಕೇಂದ್ರ ತೆರೆದಾಗ ಕನ್ನಡ ಪ್ರಸಾರದ ನೆಲೆ ಅಲ್ಲಿಗೆ ಸರಿಯಿತು. ಪ್ರತಿ ಘಟ್ಟದಲ್ಲೂ ದಾಖಲೆ ಬರೆಯುವ ಕೈ ಬದಲಾಗಿದೆ. ಆದ್ದರಿಂದ ಹುಡುಕುವ ಕಪಾಟೂ ಬದಲಾಗಬೇಕು.

ಮೊದಲ ಘಟ್ಟಕ್ಕೆ ವಿಶ್ವವಿದ್ಯಾಲಯದ ವಾರ್ಷಿಕ ವರದಿಗಳು, ಕಾಲೇಜು ಪತ್ರಿಕೆಗಳು, 1919ರಲ್ಲಿ ಆರಂಭವಾಗಿ ಮುಂದೆ ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದ ‘ಪ್ರಬುದ್ಧ ಕರ್ಣಾಟಕ’ದ ಬೈಂಡು ಸಂಪುಟಗಳು, ಅಂದಿನ ಲೇಖಕರ ಆತ್ಮಕಥನಗಳು ನೋಡಬೇಕಾದ ಆಕರಗಳು. ಮನಶ್ಶಾಸ್ತ್ರ ವಿಭಾಗದ ಚರಿತ್ರೆಯನ್ನೂ ಬಿಡಬಾರದು. ಕೇಳುಗನ ಗಮನ, ಕಲಿಕೆ ಕುರಿತ ಅಂದಿನ ಶಾಸ್ತ್ರೀಯ ಆಸಕ್ತಿಗೂ ಪ್ರಸಾರದ ಪ್ರಯೋಗಕ್ಕೂ ನಂಟಿತ್ತೇ ಎಂಬ ಪ್ರಶ್ನೆ 150ರ ಸಾಲಿಗೆ ಹೋಗದೆ ಹುಟ್ಟುವುದೇ ಇಲ್ಲ. ಎರಡನೆಯ ಘಟ್ಟಕ್ಕೆ ಮೈಸೂರು ಸಂಸ್ಥಾನದ ಆಡಳಿತ ವರದಿಗಳು, ಆಯವ್ಯಯ ಪತ್ರಗಳು, ಪ್ರಜಾಪ್ರತಿನಿಧಿ ಸಭೆಯ ನಡಾವಳಿಗಳು ಬೇಕು, ಇವು 954.87ರ ಆಸುಪಾಸಿನಲ್ಲೋ ಸರ್ಕಾರಿ ಪ್ರಕಟಣೆಗಳ ಕೋಣೆಯಲ್ಲೋ ಇರುತ್ತವೆ. ‘ರೇಡಿಯೋ’ ಎಂಬ ಪದ ಇವುಗಳ ಶೀರ್ಷಿಕೆಯಲ್ಲಿ ಇರುವುದಿಲ್ಲ. ವಿಷಯವಾರು ಹುಡುಕಾಟಕ್ಕೆ ಇವು ಕಾಣಿಸಿಕೊಳ್ಳುವುದೂ ಇಲ್ಲ.

ದ್ವಿತೀಯ ಆಕರಗಳನ್ನೂ ಇದೇ ದೃಷ್ಟಿಯಿಂದ ತೂಗಬೇಕು. ಭಾರತೀಯ ಬಾನುಲಿಯ ಚರಿತ್ರೆಗೆ ನಾವು ಒರಗುವ ಪುಸ್ತಕಗಳಲ್ಲಿ ಎಚ್. ಆರ್. ಲೂಥ್ರಾ ಅವರ 1986ರ ಕೃತಿ, ಪಿ. ಸಿ. ಚಟರ್ಜಿ ಅವರ 1987ರ ಕೃತಿ ಮುಖ್ಯವಾದವು. ಇಬ್ಬರೂ ಆಲ್ ಇಂಡಿಯಾ ರೇಡಿಯೋದಲ್ಲಿ ಅಧಿಕಾರಿಗಳಾಗಿದ್ದವರು. ಚಟರ್ಜಿ ಅದರ ಮಹಾನಿರ್ದೇಶಕರೂ ಆಗಿದ್ದರು. ಒಳಗಿನವರ ತಿಳಿವಳಿಕೆ ಈ ಕೃತಿಗಳ ಬಲ. ಆದರೆ ದೆಹಲಿಯಿಂದ ನೋಡಿದಾಗ ಮೈಸೂರು, ತಿರುವನಂತಪುರ, ಹೈದರಾಬಾದ್, ಔರಂಗಾಬಾದ್, ಬರೋಡಾಗಳ ಸಂಸ್ಥಾನ ಕೇಂದ್ರಗಳು ಮುಂದೆ ವಿಲೀನವಾಗಲಿದ್ದ ಕೇಂದ್ರಗಳಾಗಿಯೇ ಕಾಣುತ್ತವೆ. ಅವುಗಳ ಸ್ವಂತ ಬದುಕನ್ನು ಸಂಸ್ಥಾನಗಳ ಕಾಗದಗಳಲ್ಲೇ ಅರಸಬೇಕು.

ಪರದೆಯ ಮೇಲಿನ ಸೊನ್ನೆ

ಇಂದಿನ ಸಂಶೋಧಕ ಮೊದಲು ಕೂರುವುದು ಕಂಪ್ಯೂಟರಿನ ಮುಂದೆ. ಇನ್‌ಫ್ಲಿಬ್‌ನೆಟ್ ನಡೆಸುವ ‘ಶೋಧಗಂಗಾ’ದಲ್ಲಿ ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಮಹಾಪ್ರಬಂಧಗಳಿವೆ. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ‘ಒಂದು ದೇಶ, ಒಂದು ಚಂದಾ’ ಯೋಜನೆ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆಯಿತು. ಸಿದ್ಧಾಂತದ ಓದಿಗೆ ಇದು ದೊಡ್ಡ ಅನುಕೂಲ. ಆದರೆ ಈ ನಿಯತಕಾಲಿಕಗಳ ಭಾಷೆ ಪ್ರಧಾನವಾಗಿ ಇಂಗ್ಲಿಷ್; ಕನ್ನಡದ ವಿದ್ವತ್ ಪತ್ರಿಕೆಗಳಿಗೆ ಹಳೆಯ ಬೈಂಡು ಸಂಪುಟಗಳೇ ಗತಿ.

ಗ್ರಂಥಾಲಯದ ಗಣಕೀಕೃತ ಸೂಚಿಯಲ್ಲಿ ಕನ್ನಡ ಪುಸ್ತಕವೊಂದು ಕನ್ನಡ ಲಿಪಿಯಲ್ಲಿರಬಹುದು, ರೋಮನ್ ಲಿಪಿಯಲ್ಲಿರಬಹುದು. ಗೋಪಾಲಸ್ವಾಮಿ ಎಂಬ ಹೆಸರಿನ ರೋಮನ್ ಕಾಗುಣಿತ ದಾಖಲೆಯಿಂದ ದಾಖಲೆಗೆ ಬದಲಾಗಬಹುದು. ‘ಆಕಾಶವಾಣಿ’, ‘ಬಾನುಲಿ’, ‘ರೇಡಿಯೋ’ ಮೂರನ್ನೂ, ಎರಡೂ ಲಿಪಿಗಳಲ್ಲಿ, ಬೇರೆಬೇರೆಯಾಗಿ ಕೊಟ್ಟು ನೋಡಬೇಕು. ಸ್ಕ್ಯಾನ್ ಮಾಡಿಟ್ಟ ಹಳೆಯ ಕನ್ನಡ ಪುಟಗಳು ಎಷ್ಟೋ ಕಡೆ ಚಿತ್ರಗಳಾಗಿಯೇ ಉಳಿದಿರುವುದರಿಂದ ಪಠ್ಯಶೋಧ ಅವುಗಳನ್ನು ಮುಟ್ಟುವುದಿಲ್ಲ. ಪರದೆ ‘ಫಲಿತಾಂಶ ಸೊನ್ನೆ’ ಎಂದರೆ ಆ ಸೂಚಿಯಲ್ಲಿ, ಆ ಕಾಗುಣಿತದಲ್ಲಿ ಸಿಗಲಿಲ್ಲ ಎಂದಷ್ಟೇ ಅರ್ಥ. ಈ ಸೊನ್ನೆಯನ್ನು ‘ಈ ವಿಷಯದ ಬಗ್ಗೆ ಅಧ್ಯಯನ ನಡೆದಿಲ್ಲ’ ಎಂದು ಪ್ರಬಂಧದ ಮೊದಲ ಅಧ್ಯಾಯಕ್ಕೆ ಇಳಿಸುವ ರೂಢಿ ನಿಲ್ಲಬೇಕು.

ಸಾಕ್ಷ್ಯದ ತೂಕ

ಮೈಸೂರು ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರಿಟ್ಟವರು ಗೋಪಾಲಸ್ವಾಮಿಯವರೇ ಎನ್ನುವ ಹೇಳಿಕೆಯಿದೆ. ಅದನ್ನು ಸೂಚಿಸಿದವರು ಲೇಖಕ ನಾ. ಕಸ್ತೂರಿ ಎನ್ನುವುದೂ ಇದೆ. ಎರಡೂ ಮತ್ತೆಮತ್ತೆ ಮುದ್ರಣಗೊಂಡಿವೆ. ಎಷ್ಟು ಪುಸ್ತಕಗಳು ಹೀಗೆ ಹೇಳಿವೆ ಎಂದು ಲೆಕ್ಕ ಹಾಕುವುದರಿಂದ ಇದು ಇತ್ಯರ್ಥವಾಗದು, ಏಕೆಂದರೆ ಒಂದು ಪುಸ್ತಕ ಇನ್ನೊಂದನ್ನು ನೋಡಿ ಬರೆದಿರಬಹುದು. 1935–36ರ ಪತ್ರಿಕಾ ವರದಿ, ಕೇಂದ್ರದ್ದೇ ಮುದ್ರಿತ ಪ್ರಕಟಣೆ, ಪತ್ರವ್ಯವಹಾರ ಇವು ಮೊದಲ ಸಾಲಿನ ಸಾಕ್ಷ್ಯ. ಭಾಗಿಯಾದವರ ನೆನಪುಗಳು ಎರಡನೆಯ ಸಾಲಿನವು. ನಂತರದ ಚರಿತ್ರೆಗಳು ಮೂರನೆಯವು. ಸಂಶೋಧಕ ತನ್ನ ಕೈಯಲ್ಲಿರುವುದು ಯಾವ ಸಾಲಿನ ಸಾಕ್ಷ್ಯವೆಂದು ಹೇಳಿಬಿಟ್ಟರೆ ತೀರ್ಪು ಬಾಕಿ ಉಳಿದರೂ ಕೆಲಸ ಕೆಡುವುದಿಲ್ಲ.

ಸಮಾರೋಪ

ಸಂವಹನ ವಿಭಾಗಗಳ ಸಂಶೋಧನಾ ವಿಧಾನದ ಪಠ್ಯದಲ್ಲಿ ಪ್ರಶ್ನಾವಳಿಗೂ ಮಾದರಿ ಆಯ್ಕೆಗೂ ಸಿಗುವಷ್ಟು ಜಾಗ ಗ್ರಂಥಾಲಯದ ಹುಡುಕಾಟಕ್ಕೂ ಸಿಗಬೇಕು. ಮಾಧ್ಯಮ ಚರಿತ್ರೆಯ ಪ್ರತಿ ಮಹಾಪ್ರಬಂಧವೂ ತಾನು ಯಾವ ಸಂಸ್ಥೆಗಳ ಕಾಗದಗಳನ್ನು, ಯಾವ ವರ್ಗಾಂಕಗಳಲ್ಲಿ, ಯಾವ ಪದಗಳಿಂದ, ಯಾವ ಲಿಪಿಯಲ್ಲಿ ಹುಡುಕಿತು ಎಂಬುದನ್ನು ವಿಧಾನದ ಅಧ್ಯಾಯದಲ್ಲಿ ದಾಖಲಿಸಲಿ. ಎಲ್ಲಿ ಏನೂ ಸಿಗಲಿಲ್ಲ ಎಂಬುದನ್ನೂ ಬರೆಯಲಿ. ಹಾಗಾದಾಗ ಮುಂದಿನ ಸಂಶೋಧಕ ಅದೇ ಕಪಾಟುಗಳನ್ನು ಮತ್ತೆ ತಡಕದೆ, ಇನ್ನೂ ಯಾರೂ ತೆರೆಯದ ಸಂಪುಟದಿಂದ ಆರಂಭಿಸಬಹುದು.