ಹಾಡು ಊರಿಗೆ ಬಂದ ದಾರಿ: ಕನ್ನಡ ಧ್ವನಿಮುದ್ರಣದ ಒಂದು ಸಮೀಕ್ಷೆ

ಕನ್ನಡ ಹಾಡಿನ ಚರಿತ್ರೆಯನ್ನು ನಾವು ಕವಿಯಿಂದಲೋ ಗಾಯಕರಿಂದಲೋ ಶುರುಮಾಡುತ್ತೇವೆ. ಆ ಹಾಡು ಯಾವ ಊರಲ್ಲಿ, ಎಂಥ ಕೋಣೆಯಲ್ಲಿ, ಯಾರ ದುಡ್ಡಿನಲ್ಲಿ ಮುದ್ರಣವಾಯಿತು ಎಂದು ಕೇಳುವವರು ಕಡಿಮೆ. ಕೇಳಬೇಕಾದ ಪ್ರಶ್ನೆ ಅದೇ ಎಂಬುದು ನನ್ನ ನಂಬಿಕೆ. ಮುದ್ರಣದ ಜಾಗ ನಮ್ಮ ಹತ್ತಿರಕ್ಕೆ ಬಂದಂತೆಲ್ಲ ಹಾಡಿನ ಮಾತು ಬದಲಾಗಿದೆ, ಲಯ ಬದಲಾಗಿದೆ. ಬರೆಯುವವರು, ರಾಗ ಹಾಕುವವರು, ವಾದ್ಯ ಕೂಡಿಸುವವರು ಒಬ್ಬರೇ ಆಗುವ ಧೈರ್ಯವೂ ಬಂದಿದೆ.

ಮೊದಲಿಗೆ ಆ ಜಾಗ ಬಹಳ ದೂರವಿತ್ತು. 1902ರ ನವೆಂಬರಿನಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ದನಿಯನ್ನು ಮುದ್ರಿಸಿಕೊಂಡಾಗ ಮೈಕು ಎಂಬುದೇ ಇರಲಿಲ್ಲ. ಗೋಡೆಯಿಂದ ಚಾಚಿದ ದೊಡ್ಡ ಕಹಳೆಯೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ದನಿಯ ಒತ್ತಡಕ್ಕೆ ಸೂಜಿ ಮೇಣದ ತಟ್ಟೆಯ ಮೇಲೆ ಗೀರು ಎಳೆಯುತ್ತಿತ್ತು. ಮೂರು ಮೂರೂವರೆ ನಿಮಿಷಕ್ಕೆ ಜಾಗ ಮುಗಿಯಿತು. ಗಂಟೆಗಟ್ಟಲೆ ಹರಿಯುವ ಸಂಗೀತವನ್ನು ಅಷ್ಟರಲ್ಲಿ ಹಿಡಿಸಬೇಕು. ಆ ತಟ್ಟೆ ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ಅಲ್ಲಿ ಒತ್ತಿದ ಪ್ಲೇಟುಗಳಾಗಿ ಹಡಗಿನಲ್ಲಿ ವಾಪಸು ಬರುತ್ತಿತ್ತು. ಹಾಡಿದವರು ಯಾರೆಂದು ಅಲ್ಲಿನವರಿಗೆ ತಿಳಿಯಲಿ ಎಂದು ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಇದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಆ ಪ್ಲೇಟುಗಳ ಕಾಲದಲ್ಲಿ ನಮ್ಮವರ ದನಿಯೂ ಸೇರಿತು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಮಲ್ಲಿಕಾರ್ಜುನ ಮನ್ಸೂರರು ಎಚ್‌ಎಂವಿಗೆ ಹಾಡಿದರು. ಭೀಮಸೇನ ಜೋಶಿಯವರ ಮೊದಲ ಮುದ್ರಣಗಳಲ್ಲೂ ಕನ್ನಡದ ಭಕ್ತಿಗೀತೆಗಳಿದ್ದವು. ಇವರೆಲ್ಲ ಹಾಡಿದ್ದು ಪರವೂರಿನ ಕಂಪನಿಗೆ; ಏನು ಹಾಡಬೇಕು, ಯಾವುದು ಮಾರಾಟವಾಗುತ್ತದೆ ಎಂದು ತೀರ್ಮಾನಿಸುತ್ತಿದ್ದವರು ಕಂಪನಿಯವರು.

ಚಿತ್ರರಂಗದ ಕಥೆಯೂ ಅಷ್ಟೇ. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತಯಾರಾದದ್ದು ಕೊಲ್ಲಾಪುರದಲ್ಲಿ. ಅನಂತರ ದಶಕಗಳ ಕಾಲ ನಮ್ಮ ಹಾಡುಗಳ ತವರು ಮದರಾಸು. ನಾವಿಂದು ಅಪ್ಪಟ ಕನ್ನಡದ್ದೆಂದು ಎದೆಗಪ್ಪಿಕೊಳ್ಳುವ ಹಾಡುಗಳಲ್ಲಿ ಬಹುಪಾಲು ಕೋಡಂಬಾಕ್ಕಂ, ವಡಪಳನಿಯ ಸುತ್ತಿನ ಸ್ಟುಡಿಯೊಗಳಲ್ಲಿ ಹುಟ್ಟಿದವು. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ದ ಜಿ.ಕೆ. ವೆಂಕಟೇಶ್, ‘ಗಂಧದ ಗುಡಿ’, ‘ಎರಡು ಕನಸು’ಗಳ ರಾಜನ್–ನಾಗೇಂದ್ರ, ‘ನಾಗರಹಾವು’ ಚಿತ್ರದ ವಿಜಯಭಾಸ್ಕರ್, ‘ಎಡಕಲ್ಲು ಗುಡ್ಡದ ಮೇಲೆ’ಯ ಎಂ. ರಂಗರಾವ್, ಎಲ್ಲರ ದುಡಿಮೆಯೂ ಆ ಊರಿನ ವಾದ್ಯಗಾರರ ಜೊತೆಗೇ. ವೆಂಕಟೇಶರ ಬಳಿ ಸಹಾಯಕರಾಗಿದ್ದ ತರುಣರೊಬ್ಬರು ಮುಂದೆ ಇಳಯರಾಜ ಎಂದು ಲೋಕಪ್ರಸಿದ್ಧರಾದರು.

ಆ ಮುದ್ರಣದ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಟ್ರ್ಯಾಕ್ ಒಂದೇ. ಪಿಟೀಲಿನ ಸಾಲು, ಕೊಳಲು, ತಬಲ, ಡೋಲಕ್, ಗಿಟಾರು ಎಲ್ಲ ಒಂದೇ ಸಭಾಂಗಣದಲ್ಲಿ. ಗಾಯಕರು ಪಕ್ಕದ ಗಾಜಿನ ಗೂಡಿನಲ್ಲಿ. ಯಾವ ವಾದ್ಯ ಎಷ್ಟು ಕೇಳಬೇಕೆಂಬುದನ್ನು ಅದು ಮೈಕಿನಿಂದ ಎಷ್ಟು ದೂರ ಕೂತಿದೆ ಎಂಬುದೇ ಬಹುಮಟ್ಟಿಗೆ ನಿರ್ಧರಿಸುತ್ತಿತ್ತು. ಚರಣದ ಕೊನೆಯಲ್ಲಿ ಒಬ್ಬ ವಾದಕ ಒಂದು ಸ್ವರ ತಪ್ಪಿದರೂ ಎಲ್ಲರೂ ಪಲ್ಲವಿಯಿಂದ ಮತ್ತೆ. ಹಾಗಾಗಿ ತಾಲೀಮು ಕಟ್ಟುನಿಟ್ಟು. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಪಿ. ಸುಶೀಲ, ಆಮೇಲೆ ರಾಜ್‌ಕುಮಾರ್ ಅವರ ಆ ಕಾಲದ ಹಾಡುಗಳಲ್ಲಿ ನಮಗೆ ಕೇಳುವ ಉಸಿರಿನ ಹದ ಈ ಶಿಸ್ತಿನಿಂದ ಬಂದದ್ದು. ಇವತ್ತಿನ ಯಾವ ಯಂತ್ರವೂ ಅದನ್ನು ಕೊಟ್ಟಿಲ್ಲ. ಆದರೆ ಆ ಪದ್ಧತಿಯಲ್ಲಿ ಕೆಲಸ ಪಾಲಾಗಿತ್ತು. ಟ್ಯೂನ್ ಒಬ್ಬರದು, ಸಾಹಿತ್ಯ ಚಿ. ಉದಯಶಂಕರ್ ಅಥವಾ ಆರ್.ಎನ್. ಜಯಗೋಪಾಲ್ ಅವರದು, ವಾದ್ಯಸಂಯೋಜನೆ ಇನ್ನೊಬ್ಬರದು. ಒಟ್ಟು ಹಾಡು ಹೇಗೆ ಕೇಳಬೇಕೆಂದು ಒಬ್ಬರೇ ಕನಸು ಕಾಣುವುದು ಕಷ್ಟವಿತ್ತು.

ಗಂಟು ಬಿಚ್ಚಿದ್ದು ಕ್ಯಾಸೆಟ್. ಸಿನಿಮಾದ ಹಂಗಿಲ್ಲದೆ ಹಾಡನ್ನು ಮನೆಗೆ ತಲುಪಿಸಬಹುದು ಎಂದು ಕನ್ನಡಕ್ಕೆ ತೋರಿಸಿಕೊಟ್ಟದ್ದು 1978ರ ‘ನಿತ್ಯೋತ್ಸವ’. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತ. ಪಿ. ಕಾಳಿಂಗರಾಯರು ವೇದಿಕೆಯ ಮೇಲೆ, ರೇಡಿಯೊದಲ್ಲಿ ಹರಡಿದ್ದ ಭಾವಗೀತೆಗೆ ಇಲ್ಲಿ ಹೊಸ ಮಾರುಕಟ್ಟೆ ಸಿಕ್ಕಿತು. ಹಿಂದೆಯೇ ಸಿ. ಅಶ್ವತ್ಥರ ‘ಮೈಸೂರು ಮಲ್ಲಿಗೆ’, ಶಿಶುನಾಳ ಷರೀಫರ ತತ್ವಪದಗಳು. ಅಶ್ವತ್ಥರನ್ನು ಬರೀ ಗಾಯಕರೆಂದು ಕರೆಯುವುದು ಅವರಿಗೆ ಮಾಡುವ ಅನ್ಯಾಯ. ಯಾವ ಕವಿತೆಗೆ ಯಾರ ದನಿ, ಎಲ್ಲಿ ಕೋರಸ್ ಏಳಬೇಕು, ಎಲ್ಲಿ ವಾದ್ಯ ಸುಮ್ಮನಿರಬೇಕು ಎಂಬುದನ್ನೆಲ್ಲ ಮೊದಲೇ ಮನಸ್ಸಿನಲ್ಲಿ ಕೇಳಿಸಿಕೊಂಡು ಕ್ಯಾಸೆಟ್ ಕಟ್ಟುತ್ತಿದ್ದರು. ಇಂದು ಮ್ಯೂಸಿಕ್ ಪ್ರೊಡ್ಯೂಸರ್ ಎನ್ನುವವರ ಕೆಲಸ ಅದೇ ತಾನೆ?

ಇತ್ತ ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಎಂಬ ಧ್ವನಿಮುದ್ರಣ ಕೇಂದ್ರ ಕಟ್ಟಿದರು. ಮದರಾಸಿನ ರೈಲು ಹತ್ತದೆಯೂ ಹಾಡು ಮುಗಿಸಬಹುದು ಎಂಬ ಮಾತಿಗೆ ಅದು ಬಲ ತಂದಿತು. 1990ರಲ್ಲಿ ಅವರು ಹೋಗಿಬಿಟ್ಟರು. ಇನ್ನೊಂದು ಹತ್ತು ವರ್ಷ ಇದ್ದಿದ್ದರೆ ನಮ್ಮ ಧ್ವನಿಮುದ್ರಣ ಎಲ್ಲಿರುತ್ತಿತ್ತೋ.

ಬರೆದವರೇ ರಾಗ ಹಾಕಿ, ವಾದ್ಯವನ್ನೂ ಕೂಡಿಸಿ ಇಡೀ ದಶಕವನ್ನು ಆಳಿದ್ದು ಹಂಸಲೇಖ. 1951ರಲ್ಲಿ ಹುಟ್ಟಿದ ಗಂಗರಾಜು, ಅಂದರೆ ಹಂಸಲೇಖ, ಚಿತ್ರರಂಗಕ್ಕೆ ಕಾಲಿಟ್ಟದ್ದು ಗೀತರಚನೆಕಾರರಾಗಿ. 1987ರಲ್ಲಿ ರವಿಚಂದ್ರನ್ ನಿರ್ದೇಶನದ ‘ಪ್ರೇಮಲೋಕ’ ಬಂತು. ಎಲ್ಲ ಹಾಡುಗಳ ಸಾಹಿತ್ಯ, ಸಂಗೀತ ಎರಡೂ ಅವರವೇ. ಮಾತೇ ಹಾಡಾಗಿ, ಹಾಡೇ ಮಾತಾಗಿ, ಕಾಲೇಜು ಹುಡುಗರು ಕಟ್ಟೆಯ ಮೇಲೆ ಕೂತು ಆಡುವ ಕನ್ನಡ ಮೊದಲ ಬಾರಿಗೆ ಸಿಂಥಸೈಜರಿನ ತಾಳಕ್ಕೆ ಕೂತಿತು. ಪಂಡಿತರು ಮೂಗು ಮುರಿದರು. ಆದರೆ ಆ ಹಾಡುಗಳ ಪದಗಳ ಕಟ್ಟನ್ನು ನೋಡಿ: ದ್ವಿರುಕ್ತಿ, ಪ್ರಾಸ, ಗಾದೆಯ ತುಂಡು, ಜನಪದದ ತ್ರಿಪದಿಯ ನಡೆ. ಟ್ಯೂನಿಗೆ ಪದ ತುರುಕಿದ ಗುರುತು ಎಲ್ಲೂ ಕಾಣುವುದಿಲ್ಲ, ಏಕೆಂದರೆ ಎರಡೂ ಒಂದೇ ತಲೆಯಲ್ಲಿ ಒಟ್ಟಿಗೆ ಹುಟ್ಟಿದವು. ತಾಳದ ಪೆಟ್ಟು ಬೀಳುವ ಕಡೆಯಲ್ಲೇ ಒತ್ತಕ್ಷರ ಕೂಡಿಸುವ ಅವರ ಜಾಣ್ಮೆಯನ್ನು ಕಿವಿಗೊಟ್ಟು ಕೇಳಿದರೆ ಯಾರಿಗಾದರೂ ತಿಳಿಯುತ್ತದೆ. ಎಂಟು ವರ್ಷದ ನಂತರ ಇದೇ ಹಂಸಲೇಖ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ಗೆ ಅಪ್ಪಟ ಶಾಸ್ತ್ರೀಯ ನೆಲೆಯ ಸಂಗೀತ ಕೊಟ್ಟು ರಾಷ್ಟ್ರಪ್ರಶಸ್ತಿ ಪಡೆದರು. ‘ರಾಮಾಚಾರಿ’ ಒಂದು ಕಡೆ, ‘ಓಂ’ ಇನ್ನೊಂದು ಕಡೆ. ಕನ್ನಡದಲ್ಲಿ ಇಷ್ಟು ಹರಹಿನಲ್ಲಿ ಹಾಡು ಕಟ್ಟಿದ ಇನ್ನೊಬ್ಬರನ್ನು ನಾನು ಕಾಣೆ.

‘ಪ್ರೇಮಲೋಕ’ದ ಕ್ಯಾಸೆಟ್ ತಂದದ್ದು ಬೆಂಗಳೂರಿನ ಲಹರಿ. ಮನೋಹರ ನಾಯ್ಡು, ವೇಲು ಸೋದರರ ಈ ಕಂಪನಿಗೂ ಕನ್ನಡದ ಕ್ಯಾಸೆಟ್ ಯುಗಕ್ಕೂ ಬಿಡಿಸಲಾಗದ ನಂಟು. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಗಣೇಶನ ಪೆಂಡಾಲಿನಲ್ಲಿ, ಕೊಲ್ಲಿಯಿಂದ ಮರಳಿದವರು ಕರಾವಳಿಗೆ ಹೊತ್ತು ತಂದ ಟೇಪ್ ರೆಕಾರ್ಡರುಗಳಲ್ಲಿ ಕನ್ನಡ ಮೊಳಗಿತು. ಆ ವ್ಯಾಪಾರದ ಬಲ ಎಷ್ಟು ಬೆಳೆಯಿತೆಂದರೆ 2015ರಲ್ಲಿ ಹೈದರಾಬಾದಿನಲ್ಲಿ ತಯಾರಾದ ‘ಬಾಹುಬಲಿ’ಯ ತೆಲುಗು ಹಾಡುಗಳನ್ನು ಬಿಡುಗಡೆ ಮಾಡಿದ್ದೂ ಲಹರಿಯೇ.

ಆಮೇಲಿನದು ವೇಗದ ಕಾಲ. ವಿ. ಮನೋಹರ್, ಕೆ. ಕಲ್ಯಾಣ್ ಇಬ್ಬರೂ ಬರೆದು ರಾಗ ಹಾಕುವ ಹಂಸಲೇಖರ ದಾರಿಯಲ್ಲೇ ನಡೆದರು. 1998ರ ‘ಎ’ ಚಿತ್ರದಿಂದ ಗುರುಕಿರಣ್ ಬಂದರು. ಅಮೆರಿಕನ್ನಡಿಗ ಮನೋಮೂರ್ತಿ 2006ರ ‘ಮುಂಗಾರು ಮಳೆ’ಯಲ್ಲಿ ಜಯಂತ ಕಾಯ್ಕಿಣಿಯವರ ಪದಗಳಿಗೆ ಮೆಲುದನಿ ಹುಡುಕಿಕೊಟ್ಟರು. ರಘು ದೀಕ್ಷಿತ್ 2008ರ ಆಲ್ಬಮ್ಮಿನಲ್ಲಿ ಷರೀಫರನ್ನು ಗಿಟಾರಿಗೆ ಕೂಡಿಸಿದರು. ಬೆಂಗಳೂರಿನ ರಿಕ್ಕಿ ಕೇಜ್‌ಗೆ ಗ್ರ್ಯಾಮಿ ಬಂತು. ಅಜನೀಶ್ ಲೋಕನಾಥ್, ಚರಣ್‌ರಾಜ್ ಕಂಪ್ಯೂಟರಿನ ಮುಂದೆ ಕೂತು, ನೂರಾರು ಟ್ರ್ಯಾಕ್ ಪೇರಿಸುವ ಪೀಳಿಗೆಯವರು.

ಇವರ ನಡುವೆ ರವಿ ಬಸ್ರೂರರ ಬಳಿ ಸ್ವಲ್ಪ ನಿಲ್ಲಬೇಕು. ಕುಂದಾಪುರದ ಬಳಿಯ ಬಸ್ರೂರಿನವರು, ಶಿಲ್ಪ ಕೆತ್ತುವ ಕೆಲಸ ಮಾಡಿಕೊಂಡಿದ್ದವರು. ಹಾಡು ಬರೆಯುತ್ತಾರೆ, ಸಂಗೀತ ಕೊಡುತ್ತಾರೆ, ಕುಂದಗನ್ನಡದಲ್ಲಿ ಸಿನಿಮಾವನ್ನೂ ಮಾಡಿದ್ದಾರೆ. ‘ಕೆಜಿಎಫ್’ ಅವರ ಹೆಸರನ್ನು ದೇಶಕ್ಕೆಲ್ಲ ತಲುಪಿಸಿದ ಮೇಲೆಯೂ ಅವರು ತಮ್ಮೂರಿನಲ್ಲೇ ಸ್ಟುಡಿಯೊ ಇಟ್ಟುಕೊಂಡರು. 2023ರ ತೆಲುಗು ಚಿತ್ರ ‘ಸಲಾರ್’ಗೂ ಸಂಗೀತ ಅವರದೇ. ಹೈದರಾಬಾದಿನ ಚಿತ್ರರಂಗ ಕುಂದಾಪುರದ ಹಳ್ಳಿಯವರ ಸಂಗೀತಕ್ಕೆ ಕಾಯುವ ಕಾಲ ಬಂತಲ್ಲ ಎಂಬುದು ನನಗೆ ಬಹಳ ದೊಡ್ಡ ಸಂಗತಿ.

ಇಷ್ಟೆಲ್ಲ ಆದರೂ ಹಾಡು ಕಟ್ಟಿದವರಿಗೆ ಹಕ್ಕು ಸಿಕ್ಕಿದ್ದು ತಡವಾಗಿ. ಚಿತ್ರಗೀತೆಯ ಹಕ್ಕಿನ ಮೊದಲ ಒಡೆಯ ನಿರ್ಮಾಪಕನೇ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಬರೆದವರು ಒಂದು ಸಲದ ಸಂಭಾವನೆ ತೆಗೆದುಕೊಂಡು ಹೊರಟರೆ ಮುಗಿಯಿತು. ಹಾಡು ಐವತ್ತು ವರ್ಷ ದುಡಿದರೂ ಅವರ ಮನೆಗೆ ಕಾಸು ಬರುವ ಖಾತರಿ ಇರಲಿಲ್ಲ. 2012ರ ಕೃತಿಸ್ವಾಮ್ಯ ತಿದ್ದುಪಡಿ ಅದನ್ನು ಬದಲಿಸಿತು: ಗೀತರಚನೆಕಾರ ಮತ್ತು ಸಂಗೀತ ನಿರ್ದೇಶಕರ ರಾಯಧನದ ಪಾಲನ್ನು ಯಾವ ಕರಾರೂ ಕಿತ್ತುಕೊಳ್ಳುವಂತಿಲ್ಲ. ಅಷ್ಟರಲ್ಲಿ ಉದಯಶಂಕರ್, ಜಯಗೋಪಾಲ್ ಇಬ್ಬರೂ ಇರಲಿಲ್ಲ.

ಇನ್ನೂ ಒಂದು ಸಾಲ ಬಾಕಿ ಇದೆ. ಹಳೆಯ ಕ್ಯಾಸೆಟ್ ಹೊದಿಕೆಯ ಮೇಲೆ ಸಾಹಿತ್ಯ, ಸಂಗೀತ, ಗಾಯನ ಎಂಬ ಮೂರು ಸಾಲಿರುತ್ತದೆ. ಮುದ್ರಿಸಿದ ಎಂಜಿನಿಯರ್, ಕೊಳಲು ಊದಿದವರು, ತಬಲ ನುಡಿಸಿದವರು, ವಾದ್ಯಸಂಯೋಜನೆ ಮಾಡಿದವರು ಅಲ್ಲಿ ಕಾಣುವುದು ಅಪರೂಪ. ಆ ಕೋಣೆಗಳಲ್ಲಿ ದುಡಿದ ಹಲವರಿಗೆ ಈಗ ಎಪ್ಪತ್ತು ದಾಟಿದೆ. ಮೂಲ ಸ್ಪೂಲ್ ಟೇಪುಗಳು ಸೆಕೆ, ತೇವಕ್ಕೆ ಅಂಟಿಕೊಂಡು ಹಾಳಾಗುತ್ತವೆ. ನಮ್ಮ ವಿಶ್ವವಿದ್ಯಾಲಯಗಳ ಸಂಗೀತ ವಿಭಾಗಗಳು, ಚಲನಚಿತ್ರ ಅಕಾಡೆಮಿ, ಆಡಿಯೊ ಕಂಪನಿಗಳು ಕೂಡಿ ಆ ಟೇಪುಗಳನ್ನು ಡಿಜಿಟಲ್ ಮಾಡಬೇಕು, ಹಿರಿಯ ವಾದಕರು ಮತ್ತು ತಂತ್ರಜ್ಞರನ್ನು ಕೂರಿಸಿಕೊಂಡು ಯಾವ ಹಾಡಿಗೆ ಯಾರು ನುಡಿಸಿದರು ಎಂದು ಬರೆದುಕೊಳ್ಳಬೇಕು. ನಿಮ್ಮ ಮನೆಯ ಅಟ್ಟದ ಮೇಲೆ ಅಂಥ ಟೇಪಾಗಲಿ, ನಿಮ್ಮ ಬೀದಿಯಲ್ಲಿ ಅಂಥ ಹಿರಿಯರಾಗಲಿ ಇದ್ದರೆ ದಯವಿಟ್ಟು ತಡಮಾಡಬೇಡಿ.